ಮನೆಮಂದಿಯೆಲ್ಲ ಸೇರಿ ಒಂದು ಚಿತ್ರ

"ನಿಮಗೆ ಚಿತ್ರ ಬರೆಯೋಕೆ ಬರುತ್ತದೆಯೇ?" ಎಂದು ನಾಲ್ಕು ಜನ ಗೃಹಿಣಿಯರನ್ನು ಕೇಳಿ ನೋಡಿ. ಮೂವರಾದರೂ, "ಅಯ್ಯೋ, ನನಗೆಲ್ಲಿ ಬರುತ್ತೆ! ಸ್ಕೂಲಲ್ಲಿ ಏನೋ ಗೀಚ್ತಿದ್ದೆ ಅಷ್ಟೆ" ಎಂದು ಮಾತು ಹಾರಿಸಿಬಿಡುತ್ತಾರೆ. ಹಾಗೆ ಹೇಳಿದವರೇ ಅಂದು ಬೆಳಗ್ಗೆ ಬಾಗಿಲು ಸಾರಿಸಿ, ಹದಿನೈದು ಚುಕ್ಕಿ ಇಟ್ಟು, ಒಂದು ಗೆರೆಯೂ ತಪ್ಪದಂತೆ ರಂಗೋಲಿ ಎಳೆದು ಬಂದಿರುತ್ತಾರೆ! ರಂಗೋಲಿ ಬರುವ ಕೈಗೆ ಚಿತ್ರ ಬರುವುದಿಲ್ಲವೆಂದರೆ ನಂಬುವುದು ಹೇಗೆ?

ಬರುವುದಿಲ್ಲ ಎಂಬುದಕ್ಕಿಂತ, ಬರುವುದಿಲ್ಲ ಎಂದು ಯಾರೋ ಯಾವಾಗಲೋ ಹೇಳಿದ್ದು ಮನಸ್ಸಿನಲ್ಲಿ ಕೂತುಬಿಟ್ಟಿದೆ ಎನ್ನುವುದೇ ಸರಿ. ನಾಲ್ಕು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ನೋಡಿ. ಗೋಡೆ, ನೆಲ, ಅಪ್ಪನ ಆಫೀಸಿನ ಕಾಗದ, ಯಾವುದನ್ನೂ ಬಿಡುವುದಿಲ್ಲ. ಅದೇ ಮಗು ಹನ್ನೆರಡಕ್ಕೆ ಕಾಲಿಡುವ ಹೊತ್ತಿಗೆ "ನನಗೆ ಬರಲ್ಲಮ್ಮ, ನೀನೇ ಬರೆದುಕೊಡು" ಎನ್ನುತ್ತದೆ. ನಡುವೆ ಆದದ್ದೇನು? "ಇದೇನು ಹಸುವೋ ಕತ್ತೆಯೋ?" ಎಂದು ನಾವೇ ನಕ್ಕಿರುತ್ತೇವೆ. "ಆಕಾಶ ಎಲ್ಲಾದರೂ ಹಸಿರು ಇರುತ್ತದೇನೋ?" ಎಂದು ತಿದ್ದಿರುತ್ತೇವೆ. ಪಕ್ಕದ ಮನೆಯ ಹುಡುಗನಿಗೆ ಬಂದ ಬಹುಮಾನ ತೋರಿಸಿ ಹೋಲಿಸಿರುತ್ತೇವೆ. ಮಗು ಪೆನ್ಸಿಲನ್ನು ಸದ್ದಿಲ್ಲದೆ ಕೆಳಗಿಟ್ಟಿರುತ್ತದೆ. ಹಾಗೆ ಕೆಳಗಿಟ್ಟ ಮಕ್ಕಳೇ ಅಲ್ಲವೇ ದೊಡ್ಡವರಾದ ನಾವು?

ಆ ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಳ್ಳಲು ಒಂದು ಸುಲಭದ ದಾರಿ ಇದೆ. ಒಬ್ಬರೇ ಕೂತು ಬರೆಯುವ ಬದಲು ನಾಲ್ಕು ಜನ ಸೇರಿ, ಆಟವೆಂದು ಬರೆಯುವುದು. ಎಲ್ಲರ ಕೈಯೂ ಬಿದ್ದ ಚಿತ್ರದಲ್ಲಿ ಇದು ಯಾರದು, ಯಾರದು ಚೆನ್ನ, ಯಾರದು ಕೆಟ್ಟದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕಿಂತ ಹೆಚ್ಚಿನ ಲಾಭ ಇನ್ನೊಂದಿದೆ. ನಾವು ನೋಡಿದ್ದನ್ನೇ ಪಕ್ಕದಲ್ಲಿ ಕೂತವರು ಬೇರೆ ಬಗೆಯಲ್ಲಿ ನೋಡುತ್ತಾರೆ ಎಂಬುದು ಉಪದೇಶವಿಲ್ಲದೆ, ನಗುನಗುತ್ತಾ ತಿಳಿಯುತ್ತದೆ.

ಖರ್ಚೇನೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಬಂದು ಬಿದ್ದಿರುವ ಲಗ್ನಪತ್ರಿಕೆಗಳ ಖಾಲಿ ಬದಿ, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ, ನಾಲ್ಕು ಪೆನ್ಸಿಲು, ಇಷ್ಟು ಸಾಕು. ರಬ್ಬರ್ ಮಾತ್ರ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

ಮಡಿಸಿದ ಕಾಗದದ ಆಟ

ಇದು ಹುಡುಗಾಟಿಕೆಯ ಆಟವಾದರೂ ಇದಕ್ಕೊಂದು ದೊಡ್ಡ ಚರಿತ್ರೆಯೇ ಇದೆ. 1925ರಲ್ಲಿ ಪ್ಯಾರಿಸ್ ನಗರದ ರ್‍ಯೂ ದು ಶಾತೋ ಎಂಬ ಬೀದಿಯ 54ನೇ ನಂಬರಿನ ಮನೆಯಲ್ಲಿ ಕೆಲವು ಕವಿಗಳೂ ಚಿತ್ರಕಾರರೂ ಸಂಜೆಯ ಹೊತ್ತು ಸೇರುತ್ತಿದ್ದರು. ಆಂದ್ರೆ ಬ್ರೆತಾಂ, ಈವ್ ತಾಂಗಿ, ಜಾಕ್ ಪ್ರೆವೆರ್ ಮೊದಲಾದವರು. ಕಲೆಯಲ್ಲಿ ಸರ್ರಿಯಲಿಸಂ ಎಂಬ ಹೊಸ ಪಂಥ ಕಟ್ಟಿದ ಗುಂಪು ಇದು. ಕನಸಿನಲ್ಲಿ ಕಾಣುವಂಥ ವಿಚಿತ್ರಗಳನ್ನು ಕಾಗದದ ಮೇಲೆ ತರುವುದು ಇವರ ಹಂಬಲ. ಮೊದಲು ಮಾತಿನಿಂದ ಆಡಿದರು. ಒಬ್ಬರು ಒಂದು ಪದ ಬರೆದು ಮಡಿಸಿ ಕೊಡುವುದು, ಮುಂದಿನವರು ಅದನ್ನು ನೋಡದೆ ಇನ್ನೊಂದು ಪದ ಸೇರಿಸುವುದು. ಹಾಗೆ ಹುಟ್ಟಿದ ಒಂದು ವಾಕ್ಯದಲ್ಲಿ 'ಸೊಗಸಾದ ಶವ' ಎಂಬ ಅರ್ಥದ ಎರಡು ಪದ ಜೊತೆಗೂಡಿ ಬಂದವು. ಆಟಕ್ಕೆ ಅದೇ ಹೆಸರಾಯಿತು! ಆಮೇಲೆ ಪದದ ಜಾಗಕ್ಕೆ ಚಿತ್ರ ಬಂತು. ಮೆಕ್ಸಿಕೊದ ಪ್ರಸಿದ್ಧ ಚಿತ್ರಕಾರ್ತಿ ಫ್ರೀಡಾ ಕಾಹ್ಲೋ 1932ರಲ್ಲಿ ತನ್ನ ಗೆಳತಿ ಲೂಸಿಯೆನ್ ಬ್ಲಾಕ್ ಜೊತೆ ಕೂತು ಈ ಆಟವಾಡಿದ್ದಳು. ಹೀಗೆ ಆಟಕ್ಕೆಂದು ಗೀಚಿದ ಹಾಳೆಗಳಲ್ಲಿ ಕೆಲವು ಈಗ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ.

ಹೆಸರು ನಮಗೆ ಅಮಂಗಳವೆನಿಸಿದರೆ 'ತಲೆ-ಹೊಟ್ಟೆ-ಕಾಲು ಆಟ' ಎಂದು ಕರೆಯೋಣ. ಮೂರು ಜನ ಬೇಕು. ಕೈಗೊಂದು ಹಾಳೆ. ಹಾಳೆಯನ್ನು ಅಡ್ಡಲಾಗಿ ಮೂರು ಭಾಗ ಮಡಿಸಿ ಬಿಚ್ಚಿ. ಮೇಲಿನ ಭಾಗದಲ್ಲಿ ಎಲ್ಲರೂ ಒಂದೊಂದು ತಲೆ ಬರೆಯಿರಿ. ಮನುಷ್ಯನದೇ ಆಗಬೇಕೆಂದಿಲ್ಲ, ಕೋಳಿ, ಮೀನು, ಕುಕ್ಕರು, ಏನಾದರೂ ಆದೀತು. ಕುತ್ತಿಗೆಯ ಎರಡು ಗೆರೆ ಮಾತ್ರ ಮಡಿಕೆ ದಾಟಿ ಕೂದಲೆಳೆಯಷ್ಟು ಕೆಳಗೆ ಬರಲಿ. ಈಗ ತಲೆಯನ್ನು ಹಿಂದಕ್ಕೆ ಮಡಿಸಿ ಬಲಗಡೆಯವರಿಗೆ ಕೊಡಿ. ಅವರಿಗೆ ಕಾಣುವುದು ಆ ಎರಡು ಗೆರೆ ಅಷ್ಟೆ. ಅಲ್ಲಿಂದ ಮುಂದೆ ಹೊಟ್ಟೆ, ಕೈ. ಮತ್ತೆ ಮಡಿಸಿ ಕೊಟ್ಟರೆ ಮೂರನೆಯವರು ಕಾಲು ಬರೆಯುತ್ತಾರೆ. ಕೊನೆಗೆ ಮೂರು ಹಾಳೆಯನ್ನೂ ಒಟ್ಟಿಗೆ ಬಿಚ್ಚಿ. ಮೈಸೂರು ಪೇಟದ ತಲೆ, ಸೀರೆ ಉಟ್ಟ ಆನೆಯ ಹೊಟ್ಟೆ, ಕೆಳಗೆ ಸೈಕಲ್ಲಿನ ಚಕ್ರ! ಅಜ್ಜಿಯಿಂದ ಮೊಮ್ಮಗುವಿನ ತನಕ ನಗದವರು ಯಾರು?

ನಗು ನಿಂತಮೇಲೆ ಒಂದು ಕೆಲಸ ಉಳಿದಿದೆ. ಆ ಪ್ರಾಣಿಗೊಂದು ಹೆಸರಿಡಿ. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರಿಗೆ ಹೆದರುತ್ತದೆ ಎಂದು ಒಬ್ಬೊಬ್ಬರೂ ಒಂದೊಂದು ಮಾತು ಸೇರಿಸಿ. ರಾತ್ರಿ ಮಕ್ಕಳಿಗೆ ಹೇಳಲು ಕಥೆ ಸಿದ್ಧವಾಯಿತು.

ಗೀಚು ಆಟ

ಈ ಆಟಕ್ಕೆ ಇಬ್ಬರು ಸಾಕು. ತಾಯಿ-ಮಗು, ಅತ್ತೆ-ಸೊಸೆ, ಅಕ್ಕ-ತಂಗಿ ಯಾರಾದರೂ ಸರಿ. ಒಬ್ಬರು ಕಣ್ಣು ಮುಚ್ಚಿಕೊಂಡು ಕಾಗದದ ಮೇಲೆ ಸುಮ್ಮನೆ ಒಂದು ಸೊಟ್ಟ ಗೆರೆ ಎಳೆಯುವುದು. ಎದುರಿನವರು ಅದನ್ನು ತಿರುಗಿಸಿ, ಮಗುಚಿ ನೋಡಿ, ಕಣ್ಣೋ ಬಾಲವೋ ಸೇರಿಸಿ ಏನಾದರೂ ಒಂದು ಮಾಡುವುದು. ಮುಂದಿನ ಸರದಿಯಲ್ಲಿ ಗೀಚುವವರು ಅವರು, ಪೂರ್ತಿಮಾಡುವವರು ಇವರು.

ಇಂಗ್ಲೆಂಡಿನ ಡಾಕ್ಟರ್ ಡೊನಾಲ್ಡ್ ವಿನಿಕಾಟ್ (1896-1971) ಎಂಬವರು ಇದನ್ನೇ ತಮ್ಮ ವೈದ್ಯಕ್ಕೆ ಬಳಸಿದರು. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಲವತ್ತು ವರ್ಷ ಕೆಲಸಮಾಡಿದ ಮಕ್ಕಳ ವೈದ್ಯರು ಅವರು, ಮನೋವಿಶ್ಲೇಷಕರೂ ಹೌದು. ಹಾಸಿಗೆಯಲ್ಲಿ ಉಚ್ಚೆ ಮಾಡುವ ಮಗು, ಶಾಲೆಗೆ ಹೋಗಲೊಲ್ಲದ ಮಗು, ಮಾತೇ ಆಡದ ಮಗು, ಇಂಥವರನ್ನು ತಾಯಂದಿರು ಕರೆತರುತ್ತಿದ್ದರು. ಡಾಕ್ಟರು "ನಿನಗೇನಾಗಿದೆ?" ಎಂದು ನೇರ ಕೇಳುತ್ತಿರಲಿಲ್ಲ. ಕಾಗದ ಪೆನ್ಸಿಲು ಮುಂದಿಟ್ಟು ಗೀಚು ಆಟಕ್ಕೆ ಕರೆಯುತ್ತಿದ್ದರು. ಆಡುತ್ತಾ ಆಡುತ್ತಾ ಮಗುವಿನ ಬಾಯಿ ತಾನಾಗಿ ಬಿಡುತ್ತಿತ್ತು. 1968ರಲ್ಲಿ ಈ ಆಟದ ಬಗ್ಗೆ ಅವರು ಲೇಖನ ಬರೆದರು. ಅವರು ತೀರಿಕೊಂಡ 1971ರಲ್ಲಿ ಇಂಥ ಭೇಟಿಗಳ ವಿವರವೂ ಚಿತ್ರಗಳೂ ಇರುವ ಪುಸ್ತಕ ಹೊರಬಂತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಡಾಕ್ಟರು ಮಗುವಿನ ಕೈಲಿ ಬರೆಸಿ ತಾವು ನೋಡುತ್ತ ಕೂರುತ್ತಿರಲಿಲ್ಲ; ತಾವೂ ಗೀಚುತ್ತಿದ್ದರು. ಮಗು ಕೊಟ್ಟ ಗೆರೆಯನ್ನು ತಾವೂ ಏನಾದರೊಂದು ಮಾಡಬೇಕಿತ್ತು. ಆದ್ದರಿಂದಲೇ ಇದು ಪರೀಕ್ಷೆಯಲ್ಲ, ಆಟ. ನಮ್ಮ ಮನೆಗಳಲ್ಲೂ ಇದೇ ಮುಖ್ಯ. "ನೀನು ಬರಿ, ನಾನು ನೋಡ್ತೀನಿ" ಎಂದರೆ ಮಗುವಿಗೆ ಅದು ಇನ್ನೊಂದು ಹೋಂವರ್ಕ್. "ಬಾ, ನಾನೂ ಬರೀತೀನಿ" ಎಂದರೆ ಅದು ಜೊತೆ.

ಇನ್ನು ರಬ್ಬರಿನ ವಿಷಯ. ತಪ್ಪಾದ ಗೆರೆಯನ್ನು ಅಳಿಸಬೇಡಿ, ಅದನ್ನೇ ಮುಂದುವರಿಸಿ. ಕವಿ ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಬೇಡದ ಸಾಲುಗಳನ್ನು ಹೊಡೆದುಹಾಕುವಾಗ ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿಗಳನ್ನಾಗಿ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ವಿಕ್ಟೋರಿಯಾ ಒಕಾಂಪೋ ಎಂಬ ಲೇಖಕಿಯ ಅತಿಥಿಯಾಗಿದ್ದಾಗ ಅವರ ಪುಸ್ತಕದಲ್ಲಿದ್ದ ಈ ಗೀಚುಗಳನ್ನು ಕಂಡು ಆಕೆ ಬೆರಗಾದಳು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಚಿತ್ರಪ್ರದರ್ಶನ ಏರ್ಪಡಲು ಓಡಾಡಿದವಳೂ ಆಕೆಯೇ. ಠಾಕೂರರು ಹುಟ್ಟಿದ್ದು 1861ರಲ್ಲಿ. ವಯಸ್ಸಿನ ಲೆಕ್ಕ ನೀವೇ ಹಾಕಿ. "ಈ ವಯಸ್ಸಿಗೆ ನನಗೇಕೆ ಇದೆಲ್ಲ?" ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಗಿಂಡಿಯ ಸುತ್ತ

ಮೂತಿಯಿರುವ ಹಿತ್ತಾಳೆ ಗಿಂಡಿ ಮನೆಯಲ್ಲಿದ್ದರೆ ಒಂದು ಮಣೆಯ ಮೇಲಿಟ್ಟು ಸುತ್ತ ನಾಲ್ಕು ಜನ ಕೂತುಕೊಳ್ಳಿ. ಗಿಂಡಿ ಇಲ್ಲವೇ? ಚಹದ ಕೆಟಲ್ ಆದರೂ ಆಯಿತು. ತಮಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಮೂತಿಯ ಎದುರು ಕೂತವರಿಗೆ ಅದೊಂದು ಸಣ್ಣ ಸೊನ್ನೆ. ಪಕ್ಕದವರಿಗೆ ಉದ್ದನೆಯ ಮೂತಿ, ಒಬ್ಬರಿಗೆ ಎಡಕ್ಕೆ, ಇನ್ನೊಬ್ಬರಿಗೆ ಬಲಕ್ಕೆ. ಹಿಂದೆ ಕೂತವರಿಗೆ ಮೂತಿಯೇ ಇಲ್ಲ! ನಾಲ್ಕು ಚಿತ್ರವನ್ನೂ ಸಾಲಾಗಿ ಇಟ್ಟು ನೋಡಿ. ನಾಲ್ಕೂ ಬೇರೆ, ನಾಲ್ಕೂ ನಿಜ.

ಎರಡನೆಯ ಸುತ್ತು ಸ್ವಲ್ಪ ಕಷ್ಟ. ಕೂತಲ್ಲಿಂದ ಏಳದೆ, ಎದುರಿನವರಿಗೆ ಗಿಂಡಿ ಹೇಗೆ ಕಾಣುತ್ತಿರಬಹುದೆಂದು ಊಹಿಸಿ ಬರೆಯುವುದು. ಬರೆದಮೇಲೆ ಎದ್ದುಹೋಗಿ ಅವರ ಜಾಗದಲ್ಲಿ ಕೂತು ಸರಿಯೇ ಎಂದು ನೋಡಿಕೊಳ್ಳುವುದು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ತಮ್ಮ ಸಹೋದ್ಯೋಗಿ ಬಾರ್ಬೆಲ್ ಇನ್ಹೆಲ್ಡರ್ ಜೊತೆ ಇಂಥದೇ ಒಂದು ಪ್ರಯೋಗ ಮಾಡಿದ್ದರು. ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ, ಒಂದು ಬದಿಯಲ್ಲಿ ಮಗು, ಇನ್ನೊಂದು ಬದಿಯಲ್ಲಿ ಗೊಂಬೆ. "ಗೊಂಬೆಗೆ ಏನು ಕಾಣುತ್ತೆ?" ಎಂದರೆ ಚಿಕ್ಕ ಮಕ್ಕಳು ಬಹುಮಟ್ಟಿಗೆ ತಮಗೆ ಕಂಡದ್ದನ್ನೇ ತೋರಿಸುತ್ತಿದ್ದರು. 1948ರಲ್ಲಿ ಇದು ಪುಸ್ತಕದಲ್ಲಿ ಬಂದಾಗ, ಚಿಕ್ಕ ಮಕ್ಕಳಿಗೆ ಬೇರೆಯವರ ನೋಟ ಗೊತ್ತಾಗುವುದೇ ಇಲ್ಲವೆಂದು ಎಲ್ಲರೂ ತಿಳಿದರು. ಆದರೆ ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ವಿದುಷಿ 1978ರಲ್ಲಿ ಬರೆದ ಪುಸ್ತಕ ಬೇರೆ ಮಾತು ಹೇಳಿತು. ಬೆಟ್ಟದ ಬದಲು ಅಡ್ಡಗೋಡೆಗಳನ್ನಿಟ್ಟು, "ಪೊಲೀಸಿನವನಿಗೆ ಕಾಣದ ಹಾಗೆ ಈ ಹುಡುಗನನ್ನು ಎಲ್ಲಿ ಬಚ್ಚಿಡ್ತೀಯ?" ಎಂದು ಕೇಳಿದಾಗ ನಾಲ್ಕು ವರ್ಷದ ಮಕ್ಕಳೂ ಸರಿಯಾಗಿ ಬಚ್ಚಿಟ್ಟರಂತೆ! ಕಣ್ಣಾಮುಚ್ಚಾಲೆ ಆಡುವ ಮಗುವಿಗೆ ಅದು ಗೊತ್ತಿರದೆ ಇರುತ್ತದೆಯೇ? ಒಣ ಪ್ರಶ್ನೆಗೆ ಸಿಗದ ಉತ್ತರ ಆಟಕ್ಕೆ ಸಿಗುತ್ತದೆ ಎಂಬುದು ಇದರಿಂದ ತಿಳಿಯುವ ವಿಷಯ.

ದೊಡ್ಡವರಿಗೂ ಈ ಪಾಠ ಬೇಕು. ಗಂಡ ಹೆಂಡಿರ, ಅತ್ತೆ ಸೊಸೆಯರ ಎಷ್ಟು ಜಗಳ ಮೂತಿ ಇದೆ, ಇಲ್ಲ ಎಂಬ ಜಗಳವಲ್ಲ ಹೇಳಿ? ಒಬ್ಬರ ಜಾಗದಲ್ಲಿ ಇನ್ನೊಬ್ಬರು ಒಂದು ನಿಮಿಷ ಕೂತು ನೋಡಿದ್ದರೆ ಅರ್ಧಕ್ಕೆ ನಿಲ್ಲುತ್ತಿದ್ದವು.

ಬೆನ್ನಿಗೆ ಬೆನ್ನು

ಇಬ್ಬರು ಬೆನ್ನಿಗೆ ಬೆನ್ನು ತಾಗಿಸಿ ಕೂರಬೇಕು. ಒಬ್ಬರ ಕೈಯಲ್ಲಿ ಒಂದು ವಸ್ತು: ಲಟ್ಟಣಿಗೆ, ಈಳಿಗೆಮಣೆಯ ಚಿತ್ರ, ಶ್ಯಾವಿಗೆ ಒರಳು, ಏನಾದರೂ. ಅದರ ಹೆಸರು ಹೇಳದೆ, "ಮೊದಲು ಒಂದು ಉದ್ದನೆ ಗೆರೆ ಎಳಿ, ಅದರ ತುದಿಗೆ ಸಣ್ಣ ಗುಂಡು" ಎಂದು ಬಾಯಲ್ಲಿ ವರ್ಣಿಸಬೇಕು. ಇನ್ನೊಬ್ಬರು ಕೇಳಿಕೊಂಡು ಬರೆಯಬೇಕು. ಮೊದಲ ಸಲ ಪ್ರಶ್ನೆ ಕೇಳುವಂತಿಲ್ಲ. ಎರಡನೆಯ ಸಲ ಕೇಳಬಹುದು. ಎರಡು ಚಿತ್ರಗಳನ್ನೂ ಹೋಲಿಸಿ ನೋಡಿ, ಪ್ರಶ್ನೆ ಕೇಳಲು ಬಿಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ!

'ಸಣ್ಣ' ಎಂದರೆ ನಿಮಗೆ ಸಾಸಿವೆ, ಅವರಿಗೆ ನಿಂಬೆಹಣ್ಣು. 'ಸ್ವಲ್ಪ ಮೇಲೆ' ಎಂದರೆ ಒಬ್ಬರಿಗೆ ಬೆರಳಷ್ಟು, ಇನ್ನೊಬ್ಬರಿಗೆ ಗೇಣುದ್ದ. ಹೊಸದಾಗಿ ಬಂದ ಸೊಸೆಗೆ "ಒಂದು ಹಿಡಿ ಬೇಳೆ ಹಾಕು, ಹದಕ್ಕೆ ಬಂದಾಗ ಇಳಿಸು" ಎನ್ನುತ್ತೇವಲ್ಲ, ಹಿಡಿ ಯಾರ ಕೈಯದು, ಹದ ಯಾರ ಮನೆಯದು ಎಂದು ಆ ಹುಡುಗಿ ಕೇಳಲು ಹೆದರುತ್ತಾಳೆ. ಸಾರು ತೆಳ್ಳಗಾದರೆ ತಪ್ಪು ಅವಳದಾಗುತ್ತದೆ. ಕೇಳಲು ಧೈರ್ಯ ಕೊಡುವುದು ಹೇಳುವವರ ಕೆಲಸ ಎಂಬುದು ಈ ಆಟ ಆಡಿದವರಿಗೆ ಮರೆಯುವುದಿಲ್ಲ.

ಗಾದೆಯ ಸರಪಳಿ

ಹಬ್ಬಕ್ಕೆ ನಂಟರು ಬಂದಾಗ ಐದು ಜನ ಸೇರಿದರೆ ಇದು ಚೆನ್ನ. ಮೊದಲನೆಯವರು ಹಾಳೆಯ ಮೇಲ್ತುದಿಯಲ್ಲಿ ಒಂದು ಗಾದೆ ಬರೆಯುವುದು. 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂದಿರಲಿ. ಎರಡನೆಯವರು ಅದನ್ನು ಓದಿ ಚಿತ್ರ ಬರೆದು, ಗಾದೆ ಕಾಣದಂತೆ ಮಡಿಸಿ ಕೊಡುವುದು. ಮೂರನೆಯವರು ಚಿತ್ರ ಮಾತ್ರ ನೋಡಿ ಒಂದು ವಾಕ್ಯ ಬರೆದು ಚಿತ್ರವನ್ನು ಮಡಿಸುವುದು. ನಾಲ್ಕನೆಯವರು ಆ ವಾಕ್ಯಕ್ಕೆ ಮತ್ತೆ ಚಿತ್ರ. ಐದನೆಯವರು ಆ ಚಿತ್ರಕ್ಕೆ ವಾಕ್ಯ. ಬಿಚ್ಚಿದಾಗ ಕುಂಬಳಕಾಯಿ ಕಳ್ಳ ಹೋಗಿ 'ಅಜ್ಜನಿಗೆ ಭುಜ ನೋವು, ಕಲ್ಲಂಗಡಿ ಹೊರಲಾರ' ಎಂದಾಗಿದ್ದರೆ ಆಶ್ಚರ್ಯವಿಲ್ಲ! ಬಾಯಿಂದ ಬಾಯಿಗೆ ಹೋಗುವ ಸುದ್ದಿಯೂ ಹೀಗೆಯೇ ಬದಲಾಗುತ್ತದೆ ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಚಿತ್ರ ಬರೆದು ಪದ ಊಹಿಸುವ ಪಿಕ್ಷನರಿ ಎಂಬ ಆಟ ಅಂಗಡಿಗಳಲ್ಲಿ ಡಬ್ಬಿಯಾಗಿ ಸಿಗುತ್ತದೆ. 1985ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ರಾಬ್ ಏಂಜೆಲ್ ಎಂಬ ತರುಣ ಅದನ್ನು ಮಾರಾಟಕ್ಕೆ ತಂದ. ಆಗ ಅವನು ಹೋಟೆಲಿನಲ್ಲಿ ಮಾಣಿ. ಡಬ್ಬಿ ಇಲ್ಲದಿದ್ದರೂ ಚಿಂತೆಯಿಲ್ಲ, ಚೀಟಿಗಳಲ್ಲಿ ಪದ ಬರೆದುಕೊಂಡರೆ ಆಯಿತು.

ಅಂಗಳದಲ್ಲಿ

ಅಕ್ಕಪಕ್ಕದ ಮನೆಯವರು ಕೂಡಿದಾಗ ರಂಗೋಲಿಯನ್ನೇ ಆಟ ಮಾಡಿಕೊಳ್ಳಬಹುದು. ಒಬ್ಬರು ಚುಕ್ಕಿ ಇಡುವುದು. ಆಮೇಲೆ ಒಬ್ಬೊಬ್ಬರೂ ಒಂದೇ ಒಂದು ಗೆರೆ ಎಳೆದು ಪುಡಿಯ ಬಟ್ಟಲನ್ನು ಮುಂದಿನವರಿಗೆ ಕೊಡುವುದು. ಮಾತಾಡಿಕೊಳ್ಳುವಂತಿಲ್ಲ, ಅಳಿಸುವಂತಿಲ್ಲ. ಪುಸ್ತಕ ನೋಡಿ ಹಾಕಿದ ರಂಗೋಲಿಯ ಅಚ್ಚುಕಟ್ಟು ಇದಕ್ಕೆ ಇರಲಿಕ್ಕಿಲ್ಲ. ಆದರೆ ಇಂಥದು ಇನ್ನೊಂದು ಊರಲ್ಲೆಲ್ಲೂ ಇರುವುದಿಲ್ಲ. ಕೆಳಗೆ ಕೂರಲಾಗದ ಹಿರಿಯರಿಗೆ ಕುರ್ಚಿ ಹಾಕಿ ಸ್ಲೇಟು ಕೊಡಿ, ಅವರೂ ಸೇರಲಿ.

ಹೆಂಗಸರು ಹೀಗೆ ಚಿತ್ರ ಬರೆಯುವುದು ನಮ್ಮ ನಾಡಿಗೆ ಹೊಸತೇನಲ್ಲ. ಮಲೆನಾಡಿನ ದೀವರ ಹೆಂಗಸರು ಮದುವೆ ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕುಂಚಕ್ಕೆ ಪುಂಡಿ ನಾರು. ಅವರಲ್ಲಿ ಆರ್ಟ್ ಸ್ಕೂಲಿಗೆ ಹೋಗಿ ಕಲಿತವರೆಷ್ಟು ಜನ? ತಾಯಿ ಬರೆಯುವಾಗ ಪಕ್ಕದಲ್ಲಿ ನಿಂತು ಕಲಿತದ್ದು.

ಕೆಲವು ಎಚ್ಚರಿಕೆಯ ಮಾತುಗಳು

* ಬಹುಮಾನ, ನಂಬರು ಇಡಬೇಡಿ. ಇಟ್ಟ ಕ್ಷಣ 'ನನಗೆ ಬರಲ್ಲ' ಎನ್ನುವವರು ಎದ್ದುಹೋಗುತ್ತಾರೆ.

* "ಇದೇನು?" ಎಂದು ಕೇಳುವ ಬದಲು "ಇದರ ಕಥೆ ಹೇಳು" ಎನ್ನಿ. ಮೊದಲ ಮಾತಿನಲ್ಲಿ ಆಕ್ಷೇಪಣೆ ಇದೆ, ಎರಡನೆಯದರಲ್ಲಿ ಕುತೂಹಲ.

* ಮಗುವಿನ ಗೆರೆಯ ಮೇಲೆ ನಿಮ್ಮ ಗೆರೆ ಎಳೆದು ತಿದ್ದಬೇಡಿ.

* ನಾಚಿಕೆಯವರನ್ನು ಮೊದಲು ಕೂರಿಸಬೇಡಿ. ಒಂದು ಸುತ್ತು ನೋಡಲಿ, ತಾವಾಗಿ ಬರುತ್ತಾರೆ.

* ಸುತ್ತು ಕೂತವರಲ್ಲಿ ಹಿರಿಯರು ಕಿರಿಯರೆಂಬ ಭೇದ ಬೇಡ. ಮನೆಯ ಯಜಮಾನರಿಗೂ ಆರು ವರ್ಷದ ಪುಟ್ಟಿಗೂ ಒಂದೇ ಗೆರೆ.

* ಮಗುವಿನ ಚಿತ್ರ ನೋಡಿ ಭವಿಷ್ಯ ಹೇಳಲು ಹೋಗಬೇಡಿ. ಕಪ್ಪು ಬಣ್ಣ ಬಳಿದರೆ ದುಃಖ, ಹಲ್ಲು ಬರೆದರೆ ಕೋಪ ಎಂಬುದೆಲ್ಲ ಹಾಗೆ ಸಲೀಸಾಗಿ ಹೇಳುವ ಮಾತಲ್ಲ. ಕೈಗೆ ಸಿಕ್ಕಿದ ಪೆನ್ಸಿಲೇ ಕಪ್ಪಿರಬಹುದು! ಆದರೆ ಆಡುತ್ತಿರುವಾಗ ಮಗು ಶಾಲೆಯಲ್ಲಿ ಹೊಡೆದದ್ದೋ, ಯಾರನ್ನಾದರೂ ಕಂಡರೆ ಭಯವೆಂದೋ ತಾನಾಗಿ ಹೇಳಿದರೆ ಪೆನ್ಸಿಲ್ ನಿಲ್ಲಿಸದೆ, ಮುಖ ಗಂಟಿಕ್ಕದೆ ಪೂರ್ತಿ ಕೇಳಿ. ಅಂಥ ಮಾತು ಇನ್ನೊಮ್ಮೆ ಬರುವುದು ಕಷ್ಟ.

ಈ ಕೊನೆಯ ಮಾತಿಗಾಗಿಯಾದರೂ ಇವು ಆಡತಕ್ಕ ಆಟಗಳು. "ಇವತ್ತು ಸ್ಕೂಲಲ್ಲಿ ಏನಾಯ್ತು?" ಎಂದರೆ "ಏನೂ ಇಲ್ಲ" ಎನ್ನುವ ಮಕ್ಕಳು, "ಹೇಗಿದ್ದೀಯಮ್ಮ?" ಎಂದರೆ "ಚೆನ್ನಾಗಿದ್ದೀನಿ" ಎಂದಷ್ಟೇ ಹೇಳುವ ಸೊಸೆಯಂದಿರು, ಮೂಲೆಯ ಕೋಣೆಯಲ್ಲಿ ಮಾತೇ ಕಡಿಮೆಯಾದ ಅಜ್ಜಿಯರು ಎಲ್ಲ ಮನೆಗಳಲ್ಲೂ ಇದ್ದಾರೆ. ಇವರಿಗೆಲ್ಲ ಮಾತಿಗಿಂತ ಮೊದಲು ಸರದಿ ಬೇಕು. ಕಾಗದ ಸುತ್ತು ಬರುವಾಗ ಪ್ರತಿಯೊಬ್ಬರಿಗೂ ಒಂದು ಸರದಿ ಸಿಕ್ಕೇ ಸಿಗುತ್ತದೆ.

ಈ ಭಾನುವಾರ ಊಟವಾಗಿ ಪಾತ್ರೆ ತೊಳೆದಿಟ್ಟಮೇಲೆ ಅರ್ಧ ಗಂಟೆ ಟೀವಿ, ಮೊಬೈಲುಗಳನ್ನು ಪಕ್ಕಕ್ಕಿಡಿ. ಒಂದು ತಟ್ಟೆ ಒಗ್ಗರಣೆ ಅವಲಕ್ಕಿ ನಡುವೆ ಇರಲಿ, ಹಳೆಯ ಕ್ಯಾಲೆಂಡರು ಹರಿದು ಹಂಚಿ. ಮೊದಲ ಗೆರೆ ನೀವೇ ಎಳೆಯಿರಿ, ಕಣ್ಣು ಮುಚ್ಚಿಕೊಂಡೇ ಸರಿ. ಪಕ್ಕದವರು ಅದನ್ನು ಏನು ಮಾಡುತ್ತಾರೋ ನೋಡೋಣ.